ಬಣ್ಣದ ಸಿಪ್ಪೆ ತೆಗೆದವಳು

ಮದ್ದೂರಿನಿಂದ ಮಳವಳ್ಳಿಗೆ ಹೋಗುವ ರಸ್ತೆಯಲ್ಲಿ ಎಡಗಡೆಗೆ ಒಂದು ತಗಡಿನ ಶೆಡ್ಡಿದೆ. ಅದು ನನ್ನದು. ಕಾರುಗಳಿಗೆ ಬಣ್ಣ ಹೊಡೆಯುವುದು ನನ್ನ ಕಸುಬು. ಗೌಡ್ರ ಶೆಡ್ಡಲ್ಲಿ ಬಣ್ಣ ಹೊಡೆಸಿದರೆ ಬಾನೆಟ್ಟಿನಲ್ಲಿ ಮುಖ ನೋಡಿಕೊಂಡು ಕ್ರಾಪು ಬಾಚಬಹುದು ಎಂದು ಅತ್ತ ಹಲಗೂರು, ಇತ್ತ ಮಂಡ್ಯದ ತನಕ ಹೆಸರಿದೆ. ಆ ಹೆಸರಿನಲ್ಲಿ ಮುಕ್ಕಾಲು ಪಾಲು ನನ್ನದಲ್ಲ. ಅದನ್ನು ಹೇಳಿ ಮುಗಿಸೋಣ ಎಂದೇ ಈಗ ಪೆನ್ನು ಹಿಡಿದು ಕೂತಿದ್ದೇನೆ.

ಆ ಪಾಲು ಯಾರದೋ ಅವಳನ್ನು ಆಯಮ್ಮ ಎಂದೇ ಬರೆಯುತ್ತೇನೆ. ಹೋದ ತಿಂಗಳು ಕೆಲಸ ಬಿಟ್ಟಳು. ಬಲಭುಜ ಹಿಡಿದುಕೊಂಡಿದೆ, ಕೈ ಕಿವಿಗಿಂತ ಮೇಲಕ್ಕೆ ಏಳುವುದಿಲ್ಲ. ‘ಇಷ್ಟ್ ದಿನ ಈ ಕೈ ಗಾಡಿಗಳ್ದಾಗಿತ್ತು ಕಣಣ್ಣ, ಇನ್ಮ್ಯಾಕೆ ನಂದು’ ಅಂದಳು. ನಿನ್ನ ಬಗ್ಗೆ ನಾಲ್ಕು ಮಾತು ಬರೀತೀನಿ ಕಣಮ್ಮ ಅಂದಿದ್ದಕ್ಕೆ, ‘ಬರ್ಕಳಿ. ಎಸ್ರು ಮಾತ್ರ ಆಕ್ಬ್ಯಾಡಿ. ನಮ್ಮೂರ್ನೋರು ಓದ್ಬುಟ್ಟು ಒಂದಕ್ಕೆ ಎಲ್ಡು ಸೇರುಸ್ತಾರೆ’ ಅಂದಳು. ಹಾಕುವುದಿಲ್ಲ ಎಂದು ಮಾತು ಕೊಟ್ಟಿದ್ದೇನೆ.

ನನ್ನ ಶೆಡ್ಡಿನಲ್ಲಿ ಇದ್ದಷ್ಟು ವರ್ಷವೂ ಆಯಮ್ಮ ನನ್ನನ್ನು ಕೇಳಿದ್ದು ಒಂದೇ ಒಂದು. ದುಡಿಯುವವರ ಲೆಕ್ಕದಲ್ಲಿ ತನ್ನನ್ನೂ ಸೇರಿಸಬೇಕು ಎಂದು. ಕೊಡಲು ಕೈಯಿಂದ ಏನೂ ಹೋಗುತ್ತಿರಲಿಲ್ಲ. ಆದರೂ ಒಂದು ವರ್ಷ ಸತಾಯಿಸಿದೆ. ಈಗ ನೆನೆಸಿಕೊಂಡರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ಬಂದದ್ದು ಕಸ ಗುಡಿಸಲು. ಮನೆ ಹನಕೆರೆ. ಬೆಳಿಗ್ಗೆ ಪ್ಯಾಸೆಂಜರ್ ರೈಲು ಹತ್ತಿ ಮದ್ದೂರಲ್ಲಿ ಇಳಿದು, ಅಲ್ಲಿಂದ ಶೆಡ್ಡಿಗೆ ನಡೆದೇ ಬರುತ್ತಿದ್ದಳು. ಅದಕ್ಕೆ ಮೊದಲು ಗಾರೆ ಕೆಲಸದವರ ಜೊತೆ ನೆಲ ಉಜ್ಜುತ್ತಿದ್ದಳಂತೆ. ರೆಡ್ ಆಕ್ಸೈಡ್ ನೆಲ ಎಂದು ಕೆಂಪಗೆ ಮಿಂಚುವ ನೆಲ ಮೊದಲು ಎಲ್ಲರ ಮನೆಯಲ್ಲೂ ಇತ್ತಲ್ಲ, ಅದನ್ನು ನೀರು ಹಾಕಿ ಕಲ್ಲಿನಲ್ಲಿ ಉಜ್ಜಿ ಉಜ್ಜಿ ಮಿಂಚಿಸುತ್ತಿದ್ದವರು ಇಂಥ ಹೆಂಗಸರೇ. ಟೈಲ್ಸ್ ಬಂತು, ಆ ಕೆಲಸ ಹೋಯಿತು. ಗಂಡ ಇದ್ದೂ ಇಲ್ಲದ ಹಾಗೆ. ಆ ಕಥೆಯನ್ನು ಆಯಮ್ಮನೂ ಹೇಳಲಿಲ್ಲ, ನಾನೂ ಕೆದಕಲಿಲ್ಲ.

ನನ್ನ ಕಸುಬಿನ ಗುಟ್ಟು ಇಲ್ಲಿ ಸ್ವಲ್ಪ ಬಿಚ್ಚಬೇಕು. ಗನ್ನಿನಲ್ಲಿ ಬಣ್ಣ ಹೊಡೆದ ಮೇಲೆ ಅದರ ಮೇಲೆ ನೀರಿನಂಥ ಕ್ಲಿಯರ್ ಹೊಡೆಯುತ್ತೇವೆ. ಹೊಳಪು ಬರುವುದು ಅದರಿಂದ. ಅದು ಹರಡಿಕೊಂಡು ಸಮನಾಗಿ ಕೂರಲು ಕೊಂಚ ಹೊತ್ತು ಬೇಕು. ನನ್ನದು ತಗಡಿನ ಶೆಡ್ಡು, ನಮ್ಮ ಕಡೆಯ ಬಿಸಿಲು ಹೇಳುವುದೇ ಬೇಡ. ಹರಡುವ ಮೊದಲೇ ಒಣಗಿಬಿಡುತ್ತದೆ. ಒಣಗಿದ ಮೇಲೆ ನೋಡಿದರೆ ಕಿತ್ತಳೆ ಹಣ್ಣಿನ ಸಿಪ್ಪೆಯ ಹಾಗೆ ಮೈಯೆಲ್ಲ ಸಣ್ಣ ಸಣ್ಣ ಗುಳಿ. ನಾವು ಅದನ್ನು ಸಿಪ್ಪೆ ಎಂದೇ ಕರೆಯುವುದು. ದೂರದಿಂದ ಥಳಥಳ ಅನ್ನುತ್ತದೆ, ಹತ್ತಿರ ಬಂದು ಬಗ್ಗಿದರೆ ನಮ್ಮ ಮುಖ ನಮಗೇ ಗುರುತು ಸಿಗುವುದಿಲ್ಲ. ಈ ಸಿಪ್ಪೆಯನ್ನು ವಾಟರ್ ಪೇಪರ್ ಎನ್ನುವ ಉಪ್ಪುಕಾಗದದಲ್ಲಿ ನೀರು ಹಾಕಿ ಉಜ್ಜಿ ಸಮ ಮಾಡಬೇಕು. ಆಮೇಲೆ ಕಾಂಪೌಂಡು ಎನ್ನುವ ಪೇಸ್ಟು ಹಚ್ಚಿ ಮಷೀನಿನಲ್ಲಿ ಪಾಲಿಶ್ ಕೊಡಬೇಕು. ಕಡಿಮೆ ಉಜ್ಜಿದರೆ ಸಿಪ್ಪೆ ಉಳಿಯುತ್ತದೆ. ಕೂದಲೆಳೆಯಷ್ಟು ಹೆಚ್ಚು ಉಜ್ಜಿದರೆ ಕ್ಲಿಯರ್ ಹರಿದು ಒಳಗಿನ ಬಣ್ಣ ಬಾಯಿ ಬಿಡುತ್ತದೆ. ಆಮೇಲೆ ಇಡೀ ಬಾನೆಟ್ಟಿಗೆ ಮೊದಲಿನಿಂದ ಬಣ್ಣ ಹೊಡೆಯಬೇಕು.

ಒಂದು ದಿನ ನಾನೇ ಕೂತು ಒಂದು ಕಾರಿನ ಬಾಗಿಲು ಉಜ್ಜುತ್ತಿದ್ದೆ. ಪೊರಕೆ ಹಿಡಿದು ಹಿಂದೆ ನಿಂತಿದ್ದ ಆಯಮ್ಮ, ‘ಅಣ್ಣ, ಬೆಳ್ಳಲ್ಲಿ ಒತ್ಬ್ಯಾಡಿ. ನಾಕು ಬೆಳ್ಳಿಗೆ ನಾಕು ಕಾಲ್ವೆ ಬೀಳ್ತವೆ’ ಅಂದಳು. ‘ನೀನು ಗುಡಿಸು ಹೋಗಮ್ಮ’ ಅಂದೆ. ಗುಡಿಸಿದಳು. ಸಂಜೆ ಬಿಸಿಲು ಓರೆಯಾಗಿ ಬಾಗಿಲ ಮೇಲೆ ಬಿದ್ದಾಗ ನೋಡಿದರೆ ನಾಲ್ಕು ಸಾಲು ನೆಟ್ಟಗೆ ಎದ್ದು ಕಾಣುತ್ತಿದ್ದವು. ನಮ್ಮ ಟಿಂಕರ್ ಸಾಬ್ರು ನಕ್ಕರು. ಗುದ್ದಿಸಿಕೊಂಡು ಬಂದ ಗಾಡಿಯ ತಗಡನ್ನು ಸುತ್ತಿಗೆಯಲ್ಲಿ ತಟ್ಟಿ ಸರಿಮಾಡುವವರು ಅವರು, ಮೊದಲ ದಿನದಿಂದಲೂ ನನ್ನ ಜೊತೆ ಇದ್ದಾರೆ. ನನಗಿಂತ ಹಿರಿಯರು, ಅದಕ್ಕೇ ನನ್ನನ್ನು ‘ಲಾ’ ಅನ್ನದೆ ಮಾತಾಡಿಸಿದವರಲ್ಲ. ‘ಆಯಮ್ಮನ ಕೈಗೆ ಒಂದ್ಕಿತ ಕೊಟ್ ನೋಡ್ಲಾ, ನಿನ್ ಗಂಟೇನ್ ಓದಾತು’ ಅಂದರು.

ಮೂಲೆಯಲ್ಲಿ ಬಿದ್ದಿದ್ದ ಒಂದು ಹಳೆಯ ಮಡ್ಗಾರ್ಡಿಗೆ ಬಣ್ಣ ಹೊಡೆದು, ಒಣಗಿಸಿ, ಕೊಟ್ಟೆ. ಹಾಳು ಮಾಡಿದರೆ ಮಾಡಲಿ ಎಂದೇ ಕೊಟ್ಟಿದ್ದು. ಮಧ್ಯಾಹ್ನದ ಹೊತ್ತಿಗೆ ಅದರಲ್ಲಿ ಶೆಡ್ಡಿನ ತಗಡಿನ ಏಣು ಏಣೂ ಕಾಣುತ್ತಿತ್ತು. ಮಾರನೆಯ ದಿನ ಪೊರಕೆಯ ಜೊತೆಗೆ ವಾಟರ್ ಪೇಪರನ್ನೂ ಕೊಟ್ಟೆ, ಅಷ್ಟೆ.

ಕಾಗದವನ್ನು ಸುತ್ತಿ ಹಿಡಿಯಲು ಒಂದು ರಬ್ಬರು ತುಂಡು ಬೇಕು. ಅಂಗಡಿಯಿಂದ ಒಳ್ಳೆಯದನ್ನೇ ತಂದುಕೊಟ್ಟೆ. ಎರಡು ದಿನ ಹಿಡಿದು, ‘ಇದು ಸೆಟ್ಕಂಡದೆ ಕಣಣ್ಣ, ಬಗ್ಗಕಿಲ್ಲ’ ಎಂದು ಪಕ್ಕಕ್ಕಿಟ್ಟಳು. ಆಮೇಲೆ ತನ್ನದೇ ಹಳೆಯ ಹವಾಯಿ ಚಪ್ಪಲಿಯ ಹಿಮ್ಮಡಿ ಭಾಗವನ್ನು ಕುಯ್ದು ತಂದಳು. ಹೊಸ ಚಪ್ಪಲಿಯೂ ಆಗದು, ಕಾಲಲ್ಲಿ ತುಳಿದು ತುಳಿದು ಪಳಗಿರಬೇಕು, ಆಗಲೇ ಅದು ಬಾನೆಟ್ಟಿನ ಉಬ್ಬಿಗೆ ಉಬ್ಬಾಗಿ ತಗ್ಗಿಗೆ ತಗ್ಗಾಗಿ ಕೂರುವುದು ಎಂದು ವಿವರಿಸಿದಳು. ಹನಕೆರೆ ಸ್ಟೇಷನ್ನಿಗೆ ನಡೆದು ನಡೆದು ಪಳಗಿದ ರಬ್ಬರು ಅದು.

ಕೆಲಸಕ್ಕೆ ಕೂರುವ ಮೊದಲು ಬಳೆ ಬಿಚ್ಚಿ ಮೊಳೆಗೆ ನೇತುಹಾಕುತ್ತಿದ್ದಳು. ಬರುವ ಹೋಗುವ ಹೆಂಗಸರು ಇದೇನಮ್ಮ ಬೋಳುಗೈ ಎಂದು ಮುಖ ಸಿಂಡರಿಸಿದರೆ, ‘ಗಾಡಿಗೆ ಗಾಯ ಆದ್ರೆ ನೀವ್ ಬಂದು ವಾಸಿ ಮಾಡ್ತೀರಾ’ ಎಂದು ಕೇಳಿ ತನ್ನ ಪಾಡಿಗೆ ತಾನು ಉಜ್ಜುತ್ತಿದ್ದಳು. ಗಿರಾಕಿಗಳು ಮದ್ದೂರು ವಡೆ ತಂದುಕೊಟ್ಟರೆ ಮುಟ್ಟುತ್ತಿರಲಿಲ್ಲ. ಎಣ್ಣೆ ಕೈ ಬಣ್ಣದ ಮೇಲೆ ಬೀಳಬಾರದು. ಕಾಗದದಲ್ಲಿ ಕಟ್ಟಿಟ್ಟುಕೊಂಡು ಸಂಜೆ ರೈಲಿನಲ್ಲಿ ತಿನ್ನುತ್ತಿದ್ದಳು.

ಎಲ್ಲಕ್ಕಿಂತ ಮಜಾ ಎಂದರೆ ಸಿಪ್ಪೆ ನೋಡುವ ರೀತಿ. ಔಷಧಿ ಅಂಗಡಿಯವರು ಕೊಡುವ ತೆಳು ಪ್ಲಾಸ್ಟಿಕ್ ಕವರಿನೊಳಗೆ ಕೈ ತೂರಿಸಿ, ಕಣ್ಣು ಮುಚ್ಚಿ, ಬಣ್ಣದ ಮೇಲೆ ಮೆಲ್ಲಗೆ ಆಡಿಸುತ್ತಿದ್ದಳು. ಕವರಿನೊಳಗಿಂದ ಸಣ್ಣ ಗುಳಿಯೂ ಕೈಗೆ ದೊಡ್ಡದಾಗಿ ತಿಳಿಯುತ್ತದೆ. ಆಮೇಲೆ ಅವತ್ತಿನ ತೀರ್ಪು. ನನ್ನ ಗನ್ನು ಚೆನ್ನಾಗಿ ಹೊಡೆದಿದ್ದರೆ ‘ಮೂಸಂಬಿ’. ಸುಮಾರಾಗಿದ್ದರೆ ‘ಕಿತ್ತಳೆ’. ನಾನು ಮನೆಯಲ್ಲಿ ಜಗಳ ಆಡಿಕೊಂಡು ಬಂದು ಹೊಡೆದಿದ್ದರೆ ‘ಹಲಸು’. ಹಲಸು ಅನ್ನಿಸಿಕೊಂಡ ದಿನ ಸಾಬ್ರು ಸಂಜೆಯವರೆಗೂ ನನ್ನ ಕಡೆ ನೋಡಿ ನೋಡಿ ನಗುತ್ತಿದ್ದರು.

ಈಗ ನನ್ನ ನಾಚಿಕೆಗೇಡಿನ ವಿಷಯ. ಗಿರಾಕಿ ಗಾಡಿ ನೋಡಲು ಬರುತ್ತಾರೆ ಎಂದರೆ, ‘ಅಮ್ಮ, ಹಿಂದಗಡೆ ಒಸಿ ಬಟ್ಟೆ ಒಗೆಯೋದಿತ್ತಲ್ಲ’ ಎಂದು ಆಯಮ್ಮನನ್ನು ಸಾಗಹಾಕುತ್ತಿದ್ದೆ. ಅವರು ಬಾನೆಟ್ಟಿನಲ್ಲಿ ಮೀಸೆ ನೋಡಿಕೊಂಡು, ‘ನಿಮ್ ಗನ್ನಲ್ಲಿ ಏನೋ ಅದೆ ಕಣ್ರೀ ಗೌಡ್ರೆ’ ಅನ್ನುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಒಂದು ಸಲ ಅಂದರೆ ಹೋಗಲಿ. ವರ್ಷಗಟ್ಟಲೆ ಕೇಳುತ್ತಾ ಕೇಳುತ್ತಾ ನನ್ನ ಗನ್ನಲ್ಲಿ ನಿಜವಾಗಿಯೂ ಏನೋ ಇದೆ ಎಂದು ನಾನೇ ನಂಬಿಬಿಟ್ಟಿದ್ದೆ.

ಆಯುಧಪೂಜೆಯ ದಿನ ನಮ್ಮ ಶೆಡ್ಡಿನಲ್ಲಿ ಒಂದು ಪದ್ಧತಿ. ಅವರವರು ದುಡಿಯುವ ಸಾಮಾನನ್ನು ಅವರವರೇ ತೊಳೆದು ತಂದು ನನ್ನ ಕೈಗೆ ಕೊಡಬೇಕು, ನಾನು ಅದನ್ನು ದೇವರ ಪಟದ ಮುಂದೆ ಸಾಲಾಗಿ ಜೋಡಿಸಬೇಕು. ನನ್ನ ಗನ್ನು, ಸಾಬ್ರ ಸುತ್ತಿಗೆ, ಪಾನಾ, ಜಾಕು, ಪಾಲಿಶ್ ಮಷೀನು. ಸಾಬ್ರು ಸುತ್ತಿಗೆ ಕೊಟ್ಟು, ಕುಂಕುಮ ಇಟ್ಟಿದ್ದನ್ನು ನೋಡಿ, ಕಡ್ಲೆಪುರಿ ಕಟ್ಟಿಸಿಕೊಂಡು ಮನೆಗೆ ಹೋಗುತ್ತಾರೆ. ಗಿರಾಕಿಗಳು ಗಾಡಿ ತಂದು ಸಾಲಾಗಿ ನಿಲ್ಲಿಸುತ್ತಾರೆ, ನೆಂಟರಿಷ್ಟರು ಬರುತ್ತಾರೆ. ಆಯಮ್ಮ ಬಂದ ಮೊದಲ ಎರಡು ವರ್ಷ ನನಗೆ ಏನೂ ಹೊಳೆಯಲಿಲ್ಲ. ಮೂರನೆಯ ವರ್ಷ ಆಯಮ್ಮ ಮಡಿಸಿದ ಬಿಳಿ ಬಟ್ಟೆಯೊಂದನ್ನು ತಂದು ಎಲ್ಲರ ಮುಂದೆ ನನ್ನ ಕೈಗೆ ಕೊಟ್ಟಳು. ಬಿಚ್ಚಿದೆ. ಚಪ್ಪಲಿಯ ತುಂಡು. ಸೋಪು ಹಾಕಿ ತೊಳೆದಿದ್ದಳು.

‘ಏನಮ್ಮ ಇದು’ ಅಂದೆ.

‘ನನ್ ಸಾಮಾನು ಕಣಣ್ಣ’ ಅಂದಳು.

ನಮ್ಮಣ್ಣ, ನನ್ನ ಒಡಹುಟ್ಟಿದವನು, ಊರಿಂದ ಪೂಜೆಗೆ ಬಂದಿದ್ದ. ಅವನ ಮುಖ ನೋಡಿದೆ. ಗಂಟಿಕ್ಕಿಕೊಂಡಿತ್ತು. ನಾನು ಬಟ್ಟೆಯನ್ನು ಹಾಗೇ ಮಡಿಸಿ ವಾಪಸು ಚಾಚಿದೆ. ‘ಮೆಟ್ಟು ಕಣಮ್ಮ ಇದು. ದೇವ್ರ ಮುಂದೆ ಮೆಟ್ಟು ಮಡಗಕ್ಕಾದದಾ.’

‘ಗಾಡಿ ಟೈರು ಊರ್ ಕೊಚ್ಚೆನೆಲ್ಲ ತುಳ್ಕಂಡು ಬಂದಿರ್ತದೆ. ಅದ್ಕೆ ನಿಂಬೆಹಣ್ಣು ಮಡಗ್ತೀರಿ’ ಅಂದಳು.

ನಾನು ದನಿ ಏರಿಸಿದೆ. ‘ಇವತ್ತಿನ ದಿವ್ಸ ವಾದ ಬ್ಯಾಡ. ತಕ್ಕೊಂಡೋಗು.’

ಆಯಮ್ಮ ತೆಗೆದುಕೊಂಡು ಹೋಗಿ ಹಿಂದೆ ನಿಂತಳು. ಪೂಜೆ ಮುಗಿಯುವವರೆಗೂ ನಿಂತು, ಪುರಿ ತೆಗೆದುಕೊಳ್ಳದೆ ಹೋದಳು. ಮೆಟ್ಟು ಎನ್ನುವುದು ನಾನು ಬಾಯಲ್ಲಿ ಹೇಳಿದ ಕಾರಣ. ಊರಾಚೆ ಕೇರಿಯ ಹೆಂಗಸಿನ ಮೆಟ್ಟು ಎನ್ನುವುದು ಬಾಯಲ್ಲಿ ಹೇಳದ ಕಾರಣ. ಅದು ನಮ್ಮಣ್ಣನಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು, ನಮ್ಮಿಬ್ಬರಿಗಿಂತ ಚೆನ್ನಾಗಿ ಆಯಮ್ಮನಿಗೆ ಗೊತ್ತಿತ್ತು.

ಮಾರನೆಯ ದಿನ ಎಂದಿನ ಹೊತ್ತಿಗೇ ಬಂದಳು. ಕಸ ಗುಡಿಸಿದಳು, ನೀರು ಚಿಮುಕಿಸಿದಳು. ಬಳೆ ಬಿಚ್ಚಲಿಲ್ಲ. ಶೆಡ್ಡಿನಲ್ಲಿ ಹಲಗೂರಿನ ಮೇಡಂ ಅವರ ಕಪ್ಪು ಕಾರು ನಿಂತಿತ್ತು. ನಿವೃತ್ತ ಹೆಡ್‌ಮಿಸ್ಸು ಅವರು, ತಮ್ಮ ಗಾಡಿ ತಾವೇ ಓಡಿಸುತ್ತಾರೆ, ಎರಡನೇ ಸಲ ನನ್ನ ಹತ್ತಿರ ಬಂದಿದ್ದರು. ಬಾನೆಟ್ಟಿಗೆ ಬಣ್ಣ ಹೊಡೆದಾಗಿತ್ತು, ಉಜ್ಜುವುದು ಬಾಕಿ.

‘ಉಜ್ಜಮ್ಮ’ ಅಂದೆ.

‘ಪೂಜೆ ಆಗಿರೋ ಸಾಮಾನಲ್ಲಿ ನೀವೇ ಉಜ್ಕಳಿ ಅಣ್ಣ. ನಂದು ಲೆಕ್ಕಕ್ಕಿಲ್ವಲ್ಲ.’

‘ಅಲ್ಲ ಕಣಮ್ಮ, ನೀನು ಮನೇಲಿ ಬುದ್ಧನ ಪಟ ಮಡಿಕಂಡಿರೋಳು. ನಮ್ ಪೂಜೆ ಕಟ್ಕಂಡು ನಿಂಗೇನಾಗ್ಬೇಕು.’

‘ಪೂಜೆ ಯಾರ್ಗೆ ಬೇಕಿತ್ತು. ಈ ಸೆಡ್ಡಲ್ಲಿ ದುಡಿಯೋ ಸಾಮಾನು ಯಾವ್ಯಾವು ಅಂತ ವರ್ಸಕ್ಕೊಂದ್ಸಲ ಊರ್ಗೆಲ್ಲ ತೋರುಸ್ತೀರಲ್ಲ. ಆ ಸಾಲಲ್ಲಿ ನಂದೂ ಇರ್ಬೇಕು. ಅಷ್ಟೇಯ ನಾ ಕೇಳಿದ್ದು.’

‘ಆಯ್ತು ಬುಡು, ನಾನೇ ಉಜ್ತೀನಿ’ ಅಂದೆ. ಗನ್ನಲ್ಲಿ ಏನೋ ಇದೆಯಲ್ಲ, ಆ ಸೊಕ್ಕು.

ಕಪ್ಪು ಬಣ್ಣ ಯಾರಿಗೂ ಕರುಣೆ ತೋರಿಸುವುದಿಲ್ಲ. ಬೆಳಿಗ್ಗೆಯಿಂದ ಉಜ್ಜಿದೆ. ಅಂಗಡಿಯ ರಬ್ಬರು ಹಿಡಿದು, ಬೆನ್ನು ಮುರಿಯುವ ಹಾಗೆ ಉಜ್ಜಿದೆ. ಸಿಪ್ಪೆ ಹೋಗುತ್ತಾ ಬಂತು, ನನಗೆ ಹುರುಪು ಬಂತು. ಬಾನೆಟ್ಟಿನ ಏಣಿನ ಮೇಲೆ ಬಣ್ಣ ಯಾವಾಗಲೂ ತೆಳುವಾಗಿ ನಿಂತಿರುತ್ತದೆ, ಅಲ್ಲಿ ಟೇಪು ಅಂಟಿಸಿ ಕಾಯಬೇಕು. ಆಯಮ್ಮ ದಿನಾ ಅಂಟಿಸುತ್ತಿದ್ದದ್ದನ್ನು ನೋಡುತ್ತಿದ್ದೆ, ಆದರೆ ಅವತ್ತು ಮರೆತೆ. ಪಾಲಿಶ್ ಮಷೀನು ಹಿಡಿದು ಏಣಿನ ಮೇಲೆ ಒಂದು ಸುತ್ತು ತಿರುಗಿಸಿದ್ದೇ ತಡ, ಅಂಗೈಯಗಲ ಕ್ಲಿಯರ್ರೂ ಕಪ್ಪೂ ಹರಿದು ಅಡಿಯ ಪ್ರೈಮರಿನ ಬೂದುಬಣ್ಣದ ಗಾಯ ತೆರೆದುಕೊಂಡಿತು. ಸಾಬ್ರು ಸುತ್ತಿಗೆ ನಿಲ್ಲಿಸಿದರು. ಆಯಮ್ಮ ಪೊರಕೆ ಹಿಡಿದು ಅಲ್ಲೇ ನಿಂತಿದ್ದಳು. ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ. ಯಾರೋ ಸತ್ತ ಸುದ್ದಿ ಕೇಳಿದವಳ ಹಾಗೆ ಬಾನೆಟ್ಟನ್ನೇ ನೋಡುತ್ತಿದ್ದಳು.

ಮತ್ತೆ ಬಣ್ಣ ಹೊಡೆದೆ. ಮತ್ತೆ ಸಿಪ್ಪೆ. ಉಜ್ಜಲು ಧೈರ್ಯ ಬರಲಿಲ್ಲ, ಹಾಗೇ ನಿಲ್ಲಿಸಿದೆ. ಮೇಡಂ ಬಂದು ಕನ್ನಡಕ ಏರಿಸಿ, ಬಾನೆಟ್ಟಿನ ಮೇಲೆ ಬಗ್ಗಿ ನೋಡಿದರು.

‘ಹೋದ ಸಲ ಮಾಡಿದ ಕೈ ಎಲ್ಲಿ ಹೋಯ್ತು ಗೌಡ್ರೆ’ ಅಂದರು.

ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ಈ ಸಲದ ಮಾಲೇ ಸರಿಯಿಲ್ಲ ಮೇಡಂ ಎಂದುಬಿಟ್ಟರೆ ಆಗುತ್ತಿತ್ತು. ಆದರೆ ಆ ಕಣ್ಣುಗಳು ಎಷ್ಟು ಸಾವಿರ ಮಕ್ಕಳ ಸುಳ್ಳು ಕಂಡಿದ್ದವೋ, ನನಗೆ ಬಾಯಿ ಬರಲಿಲ್ಲ. ‘ಹೋದ ಸಲ ಉಜ್ಜಿದ್ದು ನಾನಲ್ಲ ಮೇಡಂ. ಆಯಮ್ಮ’ ಎಂದು ಪೊರಕೆ ಕಡೆ ಕೈ ತೋರಿಸಿದೆ. ಏಕೆ ಈ ಸಲ ಉಜ್ಜಲಿಲ್ಲ ಎಂದು ಕೇಳಿದರು. ಅದನ್ನೂ ಹೇಳಬೇಕಾಯಿತು.

ಮೇಡಂ ಕನ್ನಡಕ ತೆಗೆದು ಮಡಿಸಿದರು. ‘ಅವರ ಕೆಲಸಕ್ಕೆ ನನ್ನ ಬಾಯಲ್ಲಿ ಶಹಬ್ಬಾಸ್ ಅನ್ನಿಸಿಕೊಂಡ್ರಲ್ಲ ನೀವು. ನನಗೇ ಮುಜುಗರ ಆಗ್ತಿದೆ’ ಅಂದರು. ಆಮೇಲೆ ಕೀಲಿ ತೆಗೆದುಕೊಂಡು, ‘ಬಾನೆಟ್ಟು ಹೀಗೇ ಇರಲಿ. ಆಯಮ್ಮ ಉಜ್ಜುವ ದಿನ ತರ್ತೀನಿ’ ಎಂದು ಆ ಸಿಪ್ಪೆ ಬಾನೆಟ್ಟಿನಲ್ಲೇ ಹಲಗೂರಿಗೆ ಹೊರಟುಹೋದರು.

ಅವತ್ತು ಮಧ್ಯಾಹ್ನ ನಾನು ಇನ್ನೊಂದು ಹೇಡಿತನ ಮಾಡಿದೆ. ಊಟದ ಹೊತ್ತು, ಶೆಡ್ಡಿನಲ್ಲಿ ಯಾರೂ ಇರಲಿಲ್ಲ. ಶಟರು ಅರ್ಧ ಇಳಿಸಿ ಆಯಮ್ಮನನ್ನು ಕರೆದು, ‘ಕೊಡಮ್ಮ ನಿನ್ನ ರಬ್ಬರು. ಈಗ್ಲೇ ಪಟದ ಮುಂದೆ ಮಡಗಿ ಊದುಬತ್ತಿ ಬೆಳಗ್ಬುಡ್ತೀನಿ, ಮುಗ್ದೋಗ್ಲಿ’ ಅಂದೆ.

ಆಯಮ್ಮ ಮೊದಲು ಇಳಿಸಿದ ಶಟರು ನೋಡಿದಳು, ಆಮೇಲೆ ನನ್ನನ್ನು. ‘ಬ್ಯಾಡ ಅಂದಾಗ ಎಲ್ರೂ ಇದ್ರು. ಮಡಗ್ವಾಗ್ಲೂ ಎಲ್ರೂ ಇರ್ಲಿ. ಮುಂದಿನ್ ವರ್ಸ ಬತ್ತದಲ್ಲ ಅಣ್ಣ ಪೂಜೆ, ಕಾಯ್ತೀನಿ.’

ಅಬ್ಬಬ್ಬಾ ಅಂದರೆ ಒಂದು ತಿಂಗಳು ಬಿಗುಮಾನ ಮಾಡಿಯಾಳು ಅಂದುಕೊಂಡಿದ್ದೆ. ಆಯಮ್ಮ ಇಡೀ ವರ್ಷ ಕಾದಳು. ದಿನಾ ಅದೇ ರೈಲು, ಅದೇ ಹೊತ್ತು. ಗುಡಿಸುವುದರಲ್ಲಿ ಒಂದು ಚೂರು ಕಳ್ಳತನ ಇಲ್ಲ. ಕರೆದರೆ ಓಗೊಡುತ್ತಿದ್ದಳು, ತಮಾಷೆ ಮಾಡಿದರೆ ನಗುತ್ತಿದ್ದಳು. ವಾಟರ್ ಪೇಪರ್ ಮಾತ್ರ ಮುಟ್ಟಲಿಲ್ಲ. ಗಾಡಿಗಳು ಸಿಪ್ಪೆ ಹೊತ್ತುಕೊಂಡೇ ಹೋಗತೊಡಗಿದವು. ಕೆಲವರು ಮಾತಾಡದೆ ಹೋದರು, ಕೆಲವರು ಮಂಡ್ಯದ ದಾರಿ ಹಿಡಿದರು. ಅಲ್ಲಿಯ ದೊಡ್ಡ ಶೆಡ್ಡಿನವನೊಬ್ಬ ಸುದ್ದಿ ತಿಳಿದು ಆಯಮ್ಮನನ್ನು ಕರೆದನಂತೆ. ರೈಲಿನಲ್ಲಿ ಈ ಕಡೆ ಬರುವ ಬದಲು ಆ ಕಡೆ ಹತ್ತಿದರೆ ಆಯಿತು, ಅಷ್ಟೇ ದೂರ. ಸಾಬ್ರು, ‘ಓಗವ್ವ, ಇವ್ನ ಕಟ್ಕಂಡು ಯಾಕ್ ಸಾಯ್ತೀಯ’ ಎಂದು ನನ್ನ ಮುಂದೆಯೇ ಅಂದರು.

‘ಅಲ್ಲೋದ್ರೆ ನನ್ ಸಾಮಾನ ಅಲ್ಲಿ ಮಡಗ್ತಾರೆ ಸಾಬ್ರೆ. ಇಲ್ಲಿ ಬ್ಯಾಡ ಅಂದಿದ್ದು ಅಂಗೇ ಉಳ್ಕತದಲ್ಲ’ ಅಂದಳು ಆಯಮ್ಮ.

ನನಗೂ ಹಟ. ಹೆಂಗಸಿನ ಹಟಕ್ಕೆ ಸೋತನಂತೆ ಅಂದಾರು, ನೆಂಟರು ಬಾಯಿಗೆ ಬಂದದ್ದು ಆಡಿಯಾರು, ಇವೇ ಯೋಚನೆಗಳು. ನನ್ನ ಹಟ ಮುರಿದದ್ದು ಗಿರಾಕಿಗಳು ಹೋದದ್ದಕ್ಕಲ್ಲ. ಬೇಸಿಗೆಯ ಒಂದು ದಿನ ಮಧ್ಯಾಹ್ನ ನಾನು ಟೀ ಕುಡಿದು ಬರುವಾಗ, ಆಗ ತಾನೇ ಒಣಗಿದ್ದ ಒಂದು ಕಾರಿನ ಮುಂದೆ ಆಯಮ್ಮ ನಿಂತಿದ್ದಳು. ನಾನು ಬಂದದ್ದು ಗೊತ್ತಾಗಿರಲಿಲ್ಲ. ಕೈಗೆ ಪ್ಲಾಸ್ಟಿಕ್ ಕವರು ಹಾಕಿಕೊಂಡು, ಕಣ್ಣು ಮುಚ್ಚಿ, ಬಾನೆಟ್ಟಿನ ಮೇಲೆ ಮೆಲ್ಲಗೆ ಕೈಯಾಡಿಸುತ್ತಿದ್ದಳು. ಈ ತುದಿಯಿಂದ ಆ ತುದಿಗೆ. ‘ಹಲಸು’ ಎಂದು ತನಗೆ ತಾನೇ ಹೇಳಿಕೊಂಡಳು. ಆಮೇಲೆ ಕವರು ಬಿಚ್ಚಿ, ಆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ಸ್ವಲ್ಪ ಹೊತ್ತು ಹಾಗೇ ನಿಂತಳು. ಕೆಲಸ ಮಾಡದೆ ಇರುವುದು ಆಯಮ್ಮನಿಗೆ ಎಷ್ಟು ಕಷ್ಟವಾಗುತ್ತಿದೆ ಎನ್ನುವುದು ನನ್ನ ದಡ್ಡ ತಲೆಗೆ ಹೊಳೆದದ್ದು ಆಗ. ನಾನು ಸದ್ದು ಮಾಡದೆ ಮತ್ತೆ ಟೀ ಅಂಗಡಿಗೆ ಹೋಗಿ ಕೂತೆ.

ಆಯುಧಪೂಜೆ ಬಂತು. ಆ ಸಲ ನಾನೇ ಫೋನು ಮಾಡಿ ಎಲ್ಲರನ್ನೂ ಕರೆದೆ. ಮಂಡ್ಯದ ಕಡೆ ಹೋಗಿದ್ದ ಗಿರಾಕಿಗಳನ್ನೂ ಕರೆದೆ. ನಮ್ಮಣ್ಣ ಬಂದ. ಹಲಗೂರಿನ ಮೇಡಂ ತಮ್ಮ ಸಿಪ್ಪೆ ಬಾನೆಟ್ಟಿನ ಗಾಡಿಯಲ್ಲೇ ಬಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿದರು. ಗನ್ನು ಇಟ್ಟೆ, ಜಾಕು ಇಟ್ಟೆ, ಸಾಬ್ರು ಸುತ್ತಿಗೆ ಕೊಟ್ಟರು, ಇಟ್ಟೆ. ಆಯಮ್ಮ ಹಿಂದೆ ನಿಂತಿದ್ದಳು. ಈ ಸಲ ಮುಂದೆ ಬರಲಿಲ್ಲ. ಬರುವ ಸರದಿ ಅವಳದಲ್ಲ ಎಂದು ನನಗೂ ಗೊತ್ತಿತ್ತು.

ನಾನೇ ಜನರನ್ನು ದಾಟಿ ಅವಳ ಹತ್ತಿರ ಹೋದೆ. ‘ಕೊಡಮ್ಮ, ನಿನ್ನ ಸಾಮಾನು’ ಅಂದೆ.

‘ಬ್ಯಾಗಲ್ಲಿ ಅದೆ. ತಕ್ಕಳಿ’ ಅಂದಳು.

ಬ್ಯಾಗಿಗೆ ಕೈ ಹಾಕಿದೆ. ಬುತ್ತಿಡಬ್ಬಿಯ ಪಕ್ಕದಲ್ಲಿ ಅದೇ ಬಿಳಿ ಬಟ್ಟೆ. ವರ್ಷವೆಲ್ಲ ಅದನ್ನು ಹೊತ್ತು ತಿರುಗಿದ್ದಾಳೆ. ಬಟ್ಟೆ ಬಿಚ್ಚಿ, ಚಪ್ಪಲಿಯ ತುಂಡನ್ನು ಎಲ್ಲರಿಗೂ ಕಾಣುವ ಹಾಗೆ ಬರಿಗೈಯಲ್ಲಿ ಹಿಡಿದುಕೊಂಡು ಬಂದೆ.

‘ಏಯ್, ಏನ್ಲಾ ಅದು’ ಅಂದ ನಮ್ಮಣ್ಣ.

‘ನಮ್ ಸೆಡ್ಡಿನ ಸಾಮಾನು ಕಣಣ್ಣ. ನಾನು ಬಣ್ಣ ಹೊಡ್ದು ಕೆಡುಸ್ತೀನಿ, ಇದು ಸರಿ ಮಾಡ್ತದೆ. ಇಷ್ಟು ದಿನ ನೀವೆಲ್ಲ ನನ್ನನ್ನ ಹೊಗಳಿದ್ದು ಇದರ ಕೆಲಸಕ್ಕೆ’ ಅಂದೆ.

‘ಬುದ್ಧಿಗಿದ್ಧಿ ಕೆಟ್ಟದಾ ನಿಂಗೆ’ ಎಂದು ಅಣ್ಣ ಹೆಗಲ ಟವೆಲ್ಲು ಒದರಿ ಹೊರಗೆ ನಡೆದ. ಅವನ ಹಿಂದೆ ಇನ್ನೂ ಇಬ್ಬರು ಮೂವರು ಹೋದರು. ನಾನು ಕರೆಯಲಿಲ್ಲ. ನನ್ನ ಗನ್ನನ್ನು ಪಕ್ಕಕ್ಕೆ ಸರಿಸಿ, ಅದಕ್ಕೂ ಸಾಬ್ರ ಸುತ್ತಿಗೆಗೂ ನಡುವೆ ಜಾಗ ಮಾಡಿ ರಬ್ಬರನ್ನು ಇಟ್ಟೆ. ಸಾಬ್ರು ಒಂದು ಸಲ ಕೆಮ್ಮಿದರು.

ಆಯಮ್ಮ ಆಗ ಮುಂದೆ ಬಂದಳು. ಕೈ ಮುಗಿಯಲಿಲ್ಲ. ಸಾಲಿನ ಈ ತುದಿಯಿಂದ ಆ ತುದಿಯವರೆಗೆ ಒಂದೊಂದನ್ನೇ ನೋಡಿದಳು. ನಾನು ಕುಂಕುಮದ ಬಟ್ಟಲಿಗೆ ಬೆರಳದ್ದಿ ಒಂದೊಂದಕ್ಕೇ ಇಡುತ್ತಾ ಬಂದೆ. ಗನ್ನಿಗಾಯಿತು. ರಬ್ಬರಿನ ಹತ್ತಿರ ಬಂದೆ.

‘ಅದ್ಕೆ ಕುಂಕ್ಮ ಇಡ್ಬ್ಯಾಡಿ’ ಅಂದಳು ಆಯಮ್ಮ.

ಇಷ್ಟೆಲ್ಲ ಆದ ಮೇಲೆ ಇನ್ನೇನು ಉಳಿದಿದೆ, ಎಲ್ಲರ ಮುಂದೆ ಬೇಡ ಎಂದು ಎತ್ತಿಕೊಂಡು ಹೋಗುತ್ತಾಳೋ ಏನೋ ಎಂದು ಅವಳ ಮುಖ ನೋಡಿದೆ.

‘ಕುಂಕ್ಮ ತರಿತರಿ ಇರ್ತದೆ ಕಣಣ್ಣ. ರಬ್ಬರಿನ ಸಂದೀಲಿ ಸೇರ್ಕಂಡ್ರೆ ನಾಳೀಕೆ ಮೇಡಮ್ಮೋರ ಬಾನೆಟ್ಟು ಮೈಯೆಲ್ಲ ಗೀರಾಯ್ತದೆ’ ಅಂದಳು.

ಬೆರಳು ಹಿಂದಕ್ಕೆ ತೆಗೆದುಕೊಂಡೆ. ‘ಸರಿ ಮೇಸ್ತ್ರಿ’ ಅಂದೆ. ರಸ್ತೆಯವರೆಗೂ ಕೇಳುವ ಹಾಗೆ ಅಂದೆ. ಆಯಮ್ಮ ಅದನ್ನು ಕೇಳಿಸಿಕೊಂಡಳೋ ಇಲ್ಲವೋ, ಅಷ್ಟರಲ್ಲಿ ಸಾಲಿನ ಕೊನೆಯ ಕಪ್ಪು ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಬಗ್ಗಿಯಾಗಿತ್ತು.